ಥೀಸಿಯಸನ ಕಥೆಯ ಬೆಳವಣಿಗೆ

ಅಥೆನ್ಸಿನವರು ತಮ್ಮ ರಾಜ್ಯವನ್ನು ಕಟ್ಟಿದವನೆಂದು ಪೂಜಿಸಿದ ಥೀಸಿಯಸನ ಚರಿತವು ಒಂದೇ ಕಾಲದಲ್ಲಿ ಹುಟ್ಟಿದುದಲ್ಲ. ಕ್ರೀಟಿನ ಮೈನಾಸನಿಗೆ ಬಲಿಯಾಗಿ ಹೊರಟ ತರುಣತರುಣಿಯರೊಡನೆ ಹೋಗಿ, ರಾಜಪುತ್ರಿ ಅರಿಯಾಡ್ನೆಯ ನೆರವಿನಿಂದ ಗೂಳಿದಲೆಯ ಮಿನೊಟಾರನನ್ನು ಕೊಂದ ಕಥೆಯು ಅದರಲ್ಲಿ ಹಳೆಯ ಭಾಗ, ಕ್ರಿ.ಪೂ. 7ನೆಯ ಶತಮಾನದ ಶಿಲ್ಪಿಗಳೇ ಅದನ್ನು ಬಲ್ಲರು. ಆದರೆ ಟ್ರೀಜ಼ೆನಿನಿಂದ ಅಥೆನ್ಸಿಗೆ ಬರುವ ದಾರಿಯಲ್ಲಿ ಅವನು ಕಳ್ಳರನ್ನು ಸಂಹರಿಸಿದ ಚಿತ್ರಮಾಲೆಯು ಮಣ್ಣಿನ ಪಾತ್ರೆಗಳ ಮೇಲೆ ತಲೆದೋರುವುದು 6ನೆಯ ಶತಮಾನದ ಕೊನೆಗೆ, ಅಂದರೆ ಕ್ಲೈಸ್ಥೆನೀಸನು ಪ್ರಜಾಪ್ರಭುತ್ವಕ್ಕೆ ತಳಹದಿ ಹಾಕಿದ ಕಾಲಕ್ಕೆ. ಇಲಿಯಡ್ ಕಾವ್ಯದಲ್ಲಿ ಅವನ ಹೆಸರು ಬರುವ ಒಂದು ಸಾಲನ್ನೂ ಹಲವು ಪಂಡಿತರು ಪ್ರಕ್ಷಿಪ್ತವೆಂದು ಶಂಕಿಸಿರುವರು.

ಅಟ್ಟಿಕದ ಊರುಗಳನ್ನೆಲ್ಲ ಒಂದೇ ಆಡಳಿತಕ್ಕೆ ತಂದ ಅರಸನೆಂದು ಥ್ಯುಸಿಡಿಡೀಸನು ಅವನನ್ನು ವರ್ಣಿಸುತ್ತಾನೆ. ಈ ರಾಜನೀತಿಜ್ಞನು ಅಥೆನ್ಸಿನವರು ತಮ್ಮ ಪ್ರತಿಬಿಂಬವನ್ನು ನೋಡಿಕೊಳ್ಳಲು ರಚಿಸಿಕೊಂಡ ಕನ್ನಡಿಯೆಂದೇ ನಮ್ಮ ಅಭಿಪ್ರಾಯ. ಅಸ್ಥಿಗಳ ವೃತ್ತಾಂತವೂ ಇದಕ್ಕೆ ಪೋಷಕವಾಗಿದೆ. ರಾಜ್ಯಭ್ರಷ್ಟನಾದ ಥೀಸಿಯಸನನ್ನು ಸ್ಕೈರಾಸ್ ದ್ವೀಪದ ಅರಸನು ಬೆಟ್ಟದಿಂದ ನೂಕಿ ಕೊಂದನೆಂದು ಪ್ರತೀತಿ. ಕ್ರಿ.ಪೂ. 475ರ ಸುಮಾರಿಗೆ ಆ ದ್ವೀಪವನ್ನು ಗೆದ್ದ ಸೈಮನನು, ಹದ್ದೊಂದು ದಿಬ್ಬವನ್ನು ಕೆದಕುತ್ತಿದ್ದುದನ್ನು ಕಂಡು ಅಗೆಯಿಸಿದನಂತೆ. ಮಹಾಕಾಯನೊಬ್ಬನ ಮೂಳೆಗಳೂ ಕಂಚಿನ ಈಟಿಯೂ ಕತ್ತಿಯೂ ದೊರೆತುವೆಂದು ಪ್ಲುಟಾರ್ಕನ ಹೇಳಿಕೆ. ಆ ಮೂಳೆಗಳು ಯಾರವೇ ಆಗಿರಲಿ, ದ್ವೀಪದ ಆಕ್ರಮಣಕ್ಕೆ ಧರ್ಮದ ಮುದ್ರೆ ಬಿದ್ದಿತು. ಅವನ್ನು ಅಥೆನ್ಸಿನ ನಡುವೆ ಮೆರವಣಿಗೆಯಿಂದ ತಂದು ಹೂಳಿದರು. ಒಡೆಯರ ಕಾಟಕ್ಕೆ ಅಂಜಿದ ಗುಲಾಮರಿಗೂ ದೀನರಿಗೂ ಆ ಸಮಾಧಿಯು ಆಶ್ರಯಸ್ಥಾನವಾಗಿತ್ತು.