ಮಕ್ಕಳಿಗೆ ಮೇಲುಮಂಚ

ಇಕ್ಕಟ್ಟಾದ ಮನೆಯಲ್ಲಿ ಒಂದರ ಮೇಲೊಂದು ಮಂಚವೆಂದರೆ ಮಕ್ಕಳಿಗೆ ರೈಲಿನ ಮೇಲುಹಲಗೆ ದೊರೆತಷ್ಟೇ ಸಂಭ್ರಮ. ಅಲ್ಲಿಂದ ಬೀಳುವ ಭಯ ಎಲ್ಲರಿಗೂ ತಿಳಿದದ್ದೇ. ಅದಕ್ಕಿಂತ ಘೋರವಾದದ್ದು ಸಿಲುಕುವ ಭಯ. ಕಟಕಟೆಯ ಸಂದಿಯಲ್ಲಿ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಂಡರೆ ಉಸಿರೇ ನಿಂತೀತು. ಆದುದರಿಂದಲೇ 2000ದಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ನಿಯಮವು ಮೇಲುಮಂಚದ ಸಂದಿಗಳು 3.5 ಅಂಗುಲಕ್ಕಿಂತ ಕಿರಿದಾಗಿರಬೇಕೆಂದೂ, ಕಟಕಟೆ ಹಾಸಿಗೆಯಿಂದ 5 ಅಂಗುಲವಾದರೂ ಮೇಲೇಳಬೇಕೆಂದೂ, 6 ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದೆಂಬ ಎಚ್ಚರಿಕೆ ಮಂಚದ ಮೇಲಿರಬೇಕೆಂದೂ ವಿಧಿಸಿತು. ದಪ್ಪ ಹಾಸಿಗೆ ಹಾಸಿದರೆ ಕಟಕಟೆ ಅಷ್ಟೂ ಗಿಡ್ಡವಾದಂತೆ. ಮೇಲಕ್ಕೆ ತೆಳುಹಾಸಿಗೆಯೇ ಲೇಸು. ನಮ್ಮ ಮನೆಗಳಲ್ಲಂತೂ ಚಾವಣಿಯ ಫ್ಯಾನನ್ನು ಮರೆಯಲಾಗದು. ಮಗು ಎದ್ದುನಿಂತು ಕೈಚಾಚಿದರೂ ಅದು ಎಟುಕಕೂಡದು. ಅಂಗಡಿಗೆ ಹೊರಟಾಗ ಅಳತೆಪಟ್ಟಿ ಜೊತೆಗಿರಲಿ. ಮಂಚದ ಅಂದಚಂದವನ್ನು ಆಮೇಲೆ ನೋಡಿದರಾಯಿತು.