ಭಾಷಾ ಪಠ್ಯಕ್ರಮದ ಪ್ರಬಂಧಕ್ಕೊಂದು ಪೀಠಿಕೆ

ಭಾಷಾಬೋಧನೆಯ ಪಠ್ಯಕ್ರಮವನ್ನು ಕುರಿತು ಶಾಸ್ತ್ರೀಯ ಪ್ರಬಂಧವನ್ನು ಬರೆಯಹೊರಟ ಅಧ್ಯಾಪಕರು ಬಹುಮಟ್ಟಿಗೆ ಒಂದೇ ವಾಕ್ಯದಿಂದ ತೊಡಗುವರು: ಭಾಷೆಯು ಭಾವವಿನಿಮಯದ ಸಾಧನ. ಅನಂತರ ಭಾಷೆಯ ಉಗಮ, ಅದರ ಮಹತ್ತ್ವ, ವಿದ್ವಾಂಸರ ನಾಲ್ಕಾರು ವ್ಯಾಖ್ಯೆಗಳು. ಮೂರು ಪುಟಗಳು ಕಳೆದರೂ ಯಾವ ಊರಿನ, ಯಾವ ತರಗತಿಯ ಮಕ್ಕಳಿಗಾಗಿ ಈ ಶ್ರಮವೆಂಬುದು ಓದುಗನಿಗೆ ತಿಳಿಯದು. ಮಕ್ಕಳೇ ಕಾಣದ ಪೀಠಿಕೆಯ ಹಿಂದೆ ಬರುವ ಪಠ್ಯಕ್ರಮವೂ ಯಾರದೋ ಮಕ್ಕಳಿಗೆ ಹೊಲಿದ ಅಂಗಿಯಾಗುವ ಸಂಭವವೇ ಹೆಚ್ಚು.

ಜಾನ್ ಸ್ವೇಲ್ಸ್ ಎಂಬ ಭಾಷಾವಿಜ್ಞಾನಿ ಸಂಶೋಧನ ಲೇಖನಗಳ ಪೀಠಿಕೆಗಳನ್ನೇ ಪರಿಶೀಲಿಸಿ 1981ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 1990ರ ಗ್ರಂಥದಲ್ಲಿ ಅದನ್ನು ಪರಿಷ್ಕರಿಸಿ ಮೂರು ಹೆಜ್ಜೆಗಳನ್ನು ಗುರುತಿಸಿದರು. ಮೊದಲು ವಿಷಯದ ಕ್ಷೇತ್ರವನ್ನು ತೋರುವುದು, ಬಳಿಕ ಅಲ್ಲಿ ಉಳಿದಿರುವ ತೆರವನ್ನು ಎತ್ತಿಹೇಳುವುದು, ಕಡೆಗೆ ತನ್ನ ಬರಹವು ಆ ತೆರವಿನಲ್ಲಿ ಮಾಡುವ ಕೆಲಸವನ್ನು ನಿರೂಪಿಸುವುದು. ನಮ್ಮವರು ಎಡವುವುದು ಎರಡನೆಯ ಹೆಜ್ಜೆಯಲ್ಲಿ. ಪೂರ್ವಸೂರಿಗಳಲ್ಲಿ ಕೊರತೆಯನ್ನು ಕಾಣುವುದು ಅವಿನಯವೆಂಬ ಸಂಕೋಚ ಇದಕ್ಕೆ ಕಾರಣವಿರಬಹುದು.

ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಯೋಜನೆಯೆಂದೇ ಹೆಸರಾದ ಇಂಗ್ಲಿಷ್ ಬೋಧನೆಯ ಪ್ರಯೋಗವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದನ್ನು ಕುರಿತ ಪ್ರಬಂಧದಲ್ಲಿ ಕ್ಷೇತ್ರವನ್ನು ತೋರಲು ಎರಡು ಮಾತು ಸಾಕು: ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ಕಲಿಸುವ ಪದ್ಧತಿ ಬಹುಕಾಲ ನಡೆದಿತ್ತು, 1976ರಲ್ಲಿ ವಿಲ್ಕಿನ್ಸ್ ಅವರು ರಚನೆಗಳ ಬದಲು ಅರ್ಥಗಳ ಪಟ್ಟಿಯನ್ನು ಪ್ರತಿಪಾದಿಸಿದ್ದರು. ತೆರವು ಇಲ್ಲಿಯೇ ಇದೆ. ಬದಲಾದುದು ಪಟ್ಟಿಯ ಸಾಮಗ್ರಿ. ಪಟ್ಟಿ ಮಾತ್ರ ಉಳಿಯಿತು. ಗಮನವೆಲ್ಲ ಅರ್ಥದ ಮೇಲಿರುವಾಗಲೇ ವ್ಯಾಕರಣವು ಮನಸ್ಸಿನಲ್ಲಿ ನೆಲೆಗೊಳ್ಳುವುದೆಂದು ಭಾವಿಸಿದ ಪ್ರಭು ಭಾಷಾಂಶಗಳ ಪಟ್ಟಿಯನ್ನೇ ಕೈಬಿಟ್ಟು, ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಕೊಟ್ಟು, ಅದರಿಂದ ಉತ್ತರ ಕಂಡುಹಿಡಿಯುವ ಕೆಲಸಗಳನ್ನೇ ಪಾಠವಾಗಿಸಿದರು. ಪೀಠಿಕೆಯಲ್ಲಿ ಇಷ್ಟು ಬಂದರೆ, ಪ್ರಬಂಧದ ಪ್ರಶ್ನೆ ತಾನಾಗಿಯೇ ಮೂಡುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಮಿತಿಯನ್ನೂ ಹೇಳತಕ್ಕುದು. ಬೆರೆಟ್ಟ ಮತ್ತು ಡೇವಿಸ್ ಅವರು 1985ರಲ್ಲಿ ಈ ಯೋಜನೆಯ ಮೌಲ್ಯಮಾಪನವನ್ನು ಪ್ರಕಟಿಸಿದಾಗ, ಹೋಲಿಸಿದ ತರಗತಿಗಳು ಮೊದಲೇ ಇದ್ದಂಥವು, ಚೀಟಿಯೆತ್ತಿ ವಿಂಗಡಿಸಿದವಲ್ಲ ಎಂಬುದನ್ನು ಮರೆಮಾಚಲಿಲ್ಲ. ಅಂತಹ ಒಂದು ವಾಕ್ಯ ಪ್ರಬಂಧದ ತೂಕವನ್ನು ಕುಗ್ಗಿಸುವುದೆಂಬ ಭಯ ನಿರಾಧಾರವಾದುದು.

ಇನ್ನು ಬರೆಯುವ ಕಾಲ. ಕರಡಿನ ಪೀಠಿಕೆಯನ್ನು ಮೊದಲೇ ಬರೆಯಬಹುದು. ಆದರೆ ಪ್ರಬಂಧ ಮುಗಿದ ಮೇಲೆ ಅದನ್ನು ಮತ್ತೆ ಓದಿ, ಅಲ್ಲಿ ಕೊಟ್ಟ ಯಾವ ಮಾತನ್ನು ಮುಂದಿನ ಪುಟಗಳು ಉಳಿಸಿಕೊಂಡಿಲ್ಲವೋ ಅದನ್ನು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕಬೇಕು. ಸಾಮಾನ್ಯವಾಗಿ ಮೊದಲು ಹೋಗುವುದು ಆ ಭಾವವಿನಿಮಯದ ವಾಕ್ಯವೇ.