ತಟ್ಟೆಯೊಳಗಿನ ತಣ್ಣನೆ ಜಾಗ

ಮೈಕ್ರೋವೇವ್ ಒವನ್ನಿನ ಗುಣ ತಿಳಿಯಲು ಉದ್ದಿನ ಹಪ್ಪಳಕ್ಕಿಂತ ಒಳ್ಳೆಯ ಉಪಕರಣ ಅಡುಗೆಮನೆಯಲ್ಲಿ ಇನ್ನೊಂದಿಲ್ಲ. ಒಳಗೆ ತಿರುಗುವ ಗಾಜಿನ ತಟ್ಟೆಯನ್ನು ತೆಗೆದಿಡಿ. ಅದನ್ನು ತಿರುಗಿಸುವ ಗುಬುಟಿಗೆ ತಾಗದಂತೆ ಒಂದು ಗಾಜಿನ ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಚಪ್ಪಟೆಯಾದ ಪಿಂಗಾಣಿ ತಟ್ಟೆಯಿಟ್ಟು, ತಟ್ಟೆಯ ತುಂಬ ಹಸಿ ಹಪ್ಪಳ ಹರಡಿ. ಅರ್ಧ ನಿಮಿಷದೊಳಗೆ ನಿಲ್ಲಿಸಿ ನೋಡಿದರೆ ಅಲ್ಲಲ್ಲಿ ಹಪ್ಪಳ ಬೆಳ್ಳಗೆ ಗುಳ್ಳೆಯೆದ್ದು ಗರಿಗರಿಯಾಗಿರುತ್ತದೆ. ಅದಕ್ಕೆ ಅಂಟಿಕೊಂಡೇ ಎರಡು ಬೆರಳಗಲದ ಜಾಗ ಹಸಿಯಾಗಿ, ಬಗ್ಗಿಸಿದರೆ ಬಗ್ಗುವಂತೆ ಉಳಿದಿರುತ್ತದೆ. ಒಂದೇ ಪೆಟ್ಟಿಗೆ, ಒಂದೇ ಹೊತ್ತು, ಒಂದೇ ಹಪ್ಪಳ. ಆದರೂ ಒಂದು ಅಂಚು ಸುಟ್ಟಿದೆ, ಇನ್ನೊಂದಕ್ಕೆ ಬಿಸಿಯೇ ಮುಟ್ಟಿಲ್ಲ. ಈ ಯಂತ್ರದ ಬಗ್ಗೆ ಮನೆಗಳಲ್ಲಿ ಇರುವ ಹೆದರಿಕೆಯೆಲ್ಲ ಬಾಗಿಲಿನ ಸುತ್ತಲೇ ಸುತ್ತುತ್ತದೆ: ಕಿರಣ ಸೋರುತ್ತದೆ, ಹತ್ತಿರ ನಿಲ್ಲಬೇಡ, ಬಸುರಿಯರು ಆಚೆ ಹೋಗಲಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಹೇಳುವುದೇ ಬೇರೆ. ಮೈಕ್ರೋವೇವ್‌ನಿಂದ ಆಗುವ ಗಾಯಗಳಲ್ಲಿ ಬಹುಪಾಲು ಬರೀ ಸುಟ್ಟಗಾಯ. ಕಾದ ಪಾತ್ರೆ, ಅತಿಯಾಗಿ ಬಿಸಿಯಾದ ಊಟ, ಸಿಡಿದ ನೀರು ಅದಕ್ಕೆ ಕಾರಣ. ನನ್ನ ವಾದವೂ ಇಷ್ಟೇ. ಈ ಯಂತ್ರದ ವಿಷಯದಲ್ಲಿ ಎಚ್ಚರಿಕೆ ಬೇಕು, ಆದರೆ ಅದು ಬಾಗಿಲಿನಿಂದ ತಟ್ಟೆಗೆ ಜಾಗ ಬದಲಿಸಬೇಕು.

ಹಪ್ಪಳದ ಮೇಲಿನ ಆ ಚಿತ್ತಾರ ಎಲ್ಲಿಂದ ಬಂತು ಎಂದು ನೋಡೋಣ. ಒವನ್ನಿನ ಗುಂಡಿಗಳ ಹಿಂದೆ ಮ್ಯಾಗ್ನೆಟ್ರಾನ್ ಎಂಬ ನಿರ್ವಾತ ಕೊಳವೆಯಿದೆ. ಎರಡನೆಯ ಮಹಾಯುದ್ಧದ ನಡುವೆ, 1940ರಲ್ಲಿ, ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಇದರ ಸಮರ್ಥ ರೂಪವನ್ನು ಕಟ್ಟಿದ್ದು ರೇಡಾರ್‌ಗಾಗಿ. ಅದೇ ಕೊಳವೆಗಳನ್ನು ತಯಾರಿಸುತ್ತಿದ್ದ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ 1945ರಲ್ಲಿ ಅಡುಗೆಗೆ ಇದನ್ನು ಬಳಸುವ ಪೇಟೆಂಟಿಗೆ ಅರ್ಜಿ ಹಾಕಿದರು. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒವನ್ ಆಳೆತ್ತರವಿತ್ತು, ತೂಕ ಸುಮಾರು 340 ಕಿಲೋ. ಕಟ್ಟೆಯ ಮೇಲೆ ಕೂರುವ ಗಾತ್ರಕ್ಕೆ ಇಳಿದು ಮನೆಮನೆಗೆ ಹೊರಟಿದ್ದು 1967ರಲ್ಲಿ. ಮನೆಯ ಒವನ್ನಿನ ಕೊಳವೆ ಹೊಮ್ಮಿಸುವ ಅಲೆ ಸೆಕೆಂಡಿಗೆ 245 ಕೋಟಿ ಸಲ ಕಂಪಿಸುತ್ತದೆ. ಅದರ ಉದ್ದ 12 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಲೋಹದ ಗೋಡೆಗಳಿಗೆ ಬಡಿದು ಮರಳಿದ ಅಲೆ ಹೊಸದಾಗಿ ಬರುತ್ತಿರುವ ಅಲೆಯೊಡನೆ ಕೂಡಿದಾಗ ಕೆಲವು ಕಡೆ ಎರಡರ ಬಲವೂ ಸೇರುತ್ತದೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಬಲ ಸೇರಿದ ಜಾಗಗಳ ನಡುವಿನ ದೂರ ಸುಮಾರು ಅರ್ಧ ಅಲೆ, ಎಂದರೆ ಆರು ಸೆಂಟಿಮೀಟರ್. ಹಪ್ಪಳದ ಮೇಲೆ ಅಕ್ಕಪಕ್ಕದ ಗುಳ್ಳೆಗಳ ನಡುವೆ ಸ್ಕೇಲು ಹಿಡಿದು, ಬಂದ ಅಳತೆಯನ್ನು ಎರಡರಿಂದ ಗುಣಿಸಿ, ಮತ್ತೆ 245 ಕೋಟಿಯಿಂದ ಗುಣಿಸಿದರೆ ಬೆಳಕಿನ ವೇಗದ ಹತ್ತಿರ ಬರುತ್ತೀರಿ. ಹೈಸ್ಕೂಲು ಮಕ್ಕಳಿರುವ ಮನೆಯಲ್ಲಿ ನಾಲ್ಕು ಹಪ್ಪಳ ಇದಕ್ಕೆ ಖರ್ಚಾದರೆ ನಷ್ಟವೇನಿಲ್ಲ.

ಅಲೆ ಊಟವನ್ನು ಬಿಸಿ ಮಾಡುವ ಬಗೆಯೂ ಗೊತ್ತಿರಬೇಕು. ನೀರಿನ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ. ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ ಕ್ಷೇತ್ರದ ಜೊತೆ ತಾನೂ ತಿರುಗಲು ಹೆಣಗುವ ಅಣು ಅಕ್ಕಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಆ ತಳ್ಳಾಟವೇ ಶಾಖ. ಇದು ನೀರಿಗೆಂದೇ ಹೊಂದಿಸಿದ ವಿಶೇಷ ಕಂಪನ ಎಂಬ ಮಾತು ಬಹಳ ಕಡೆ ಕಾಣುತ್ತದೆ, ನಿಜವಲ್ಲ. ಇದಕ್ಕಿಂತ ಎಷ್ಟೋ ಹೆಚ್ಚಿನ ಕಂಪನವನ್ನು ನೀರು ಇನ್ನೂ ಜೋರಾಗಿ ಹೀರುತ್ತದೆ, ಆದರೆ ಆಗ ಅಲೆಯೆಲ್ಲ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ಈಗಿರುವ ಕಂಪನದಲ್ಲಿ ಅಲೆ ನೀರಿನಂಶದ ಪದಾರ್ಥದೊಳಗೆ ಎರಡು ಮೂರು ಸೆಂಟಿಮೀಟರ್‌ವರೆಗೆ ಇಳಿಯುತ್ತದೆ. ಹಾಗಾಗಿ ‘ಮೈಕ್ರೋವೇವ್ ಒಳಗಿನಿಂದ ಬೇಯಿಸುತ್ತದೆ’ ಎಂಬ ಮಾತೂ ಸುಳ್ಳು. ದಪ್ಪನೆಯ ಪಾತ್ರೆ ತುಂಬ ಬಿಸಿಬೇಳೆಬಾತು ಇಟ್ಟರೆ ಅಂಚು ಕುದಿಯುತ್ತಿರುವಾಗ ನಡುಭಾಗ ಫ್ರಿಜ್ಜಿನಿಂದ ತೆಗೆದಷ್ಟೇ ತಣ್ಣಗಿರಬಹುದು. ಅಲ್ಲಿಗೆ ಶಾಖ ಮುಟ್ಟುವುದು ಪದಾರ್ಥದ ಮೂಲಕ, ಒಲೆಯ ಮೇಲೆ ಮುಟ್ಟುವಂತೆಯೇ ನಿಧಾನವಾಗಿ.

ಈಗ ಬಾಗಿಲಿನ ಭಯಕ್ಕೆ ಬರೋಣ. ಅದನ್ನು ಅಸಡ್ಡೆಯಿಂದ ತಳ್ಳಿಹಾಕುವಂತಿಲ್ಲ. ‘ವಿಕಿರಣ’ ಎಂದೊಡನೆ ಎಕ್ಸ್‌ರೇ, ಅಣುಬಾಂಬು ನೆನಪಾಗುವುದು ಸಹಜ. ಆದರೆ ಎಕ್ಸ್‌ರೇ ಅಪಾಯಕಾರಿಯಾಗುವುದು ಅದರ ಒಂದೊಂದು ಫೋಟಾನ್‌ಗೂ ಅಣುವಿನಿಂದ ಎಲೆಕ್ಟ್ರಾನನ್ನು ಕಿತ್ತೊಗೆಯುವ ಶಕ್ತಿ ಇರುವುದರಿಂದ. ಮೈಕ್ರೋವೇವ್‌ನ ಒಂದು ಫೋಟಾನಿಗಿರುವುದು ಕಣ್ಣಿಗೆ ಕಾಣುವ ಹಸಿರು ಬೆಳಕಿನ ಫೋಟಾನಿನ ಎರಡು ಲಕ್ಷದಲ್ಲಿ ಒಂದು ಪಾಲಿನಷ್ಟು ಶಕ್ತಿ. ಅದು ಡಿಎನ್‌ಎಯನ್ನು ಮುರಿಯಲಾರದು, ಊಟವನ್ನು ವಿಕಿರಣಶೀಲ ಮಾಡಲಾರದು. ಸ್ವಿಚ್ ಆರಿದ ಮರುಕ್ಷಣ ಪೆಟ್ಟಿಗೆಯೊಳಗೆ ಅಲೆಯ ಸುಳಿವೂ ಉಳಿಯುವುದಿಲ್ಲ. ಅದು ಮಾಡಬಲ್ಲದ್ದು ಬಿಸಿಯೊಂದೇ. ಮೈಯನ್ನೂ ಬಿಸಿ ಮಾಡಬಲ್ಲದು ಎಂಬುದೂ ಅಷ್ಟೇ ನಿಜ. ರಕ್ತದ ಓಡಾಟ ಕಡಿಮೆಯಿರುವ ಕಣ್ಣಿನ ಮಸೂರ ಮತ್ತು ವೃಷಣಗಳಿಗೆ ಆ ಬಿಸಿಯನ್ನು ಸಾಗಿಸಿ ಕಳೆಯುವುದು ಕಷ್ಟ. ಅದಕ್ಕೇ ಬಾಗಿಲಿನ ಗಾಜಿನ ಹಿಂದೆ ತೂತುಗಳ ಲೋಹದ ಜಾಲರಿ ಕೂರಿಸಿದ್ದಾರೆ. ಒಂದೆರಡು ಮಿಲಿಮೀಟರಿನ ತೂತಿನಲ್ಲಿ ಬೆಳಕು ಸಲೀಸಾಗಿ ದಾಟುತ್ತದೆ, 12 ಸೆಂಟಿಮೀಟರಿನ ಅಲೆಗೆ ದಾರಿಯಿಲ್ಲ. ಬಾಗಿಲು ತೆರೆದ ಕೂಡಲೇ ಕೊಳವೆಯ ವಿದ್ಯುತ್ತು ಕಡಿಯುವ ಸ್ವಿಚ್ಚುಗಳು ಒಂದಕ್ಕಿಂತ ಹೆಚ್ಚು ಇರುತ್ತವೆ. ಅಮೆರಿಕದ ನಿಯಮದಂತೆ ಒವನ್ನಿನ ಆಯುಷ್ಯದುದ್ದಕ್ಕೂ, ಅದರ ಮೈಯಿಂದ 5 ಸೆಂಟಿಮೀಟರ್ ದೂರದಲ್ಲಿ ಸೋರಿಕೆ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದು. ಅದೂ ಅರ್ಧ ಮೀಟರ್ ದೂರ ಸರಿದರೆ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಇದಕ್ಕೆ ಎದುರಾಗಿ ಒಂದು ಜನಪ್ರಿಯ ಪ್ರಯೋಗವನ್ನು ಮುಂದಿಡುತ್ತಾರೆ. ಆರಿಸಿದ ಒವನ್ನಿನೊಳಗೆ ಮೊಬೈಲ್ ಇಟ್ಟು ಬಾಗಿಲು ಮುಚ್ಚಿ ಕರೆ ಮಾಡಿ; ರಿಂಗಾದರೆ ಒವನ್ ಸೋರುತ್ತಿದೆ ಎಂದರ್ಥವಂತೆ. ಎಷ್ಟೋ ಒವನ್ನುಗಳಲ್ಲಿ ರಿಂಗಾಗುತ್ತದೆ, ಮನೆಯವರು ಗಾಬರಿಯಾಗುತ್ತಾರೆ. ಆದರೆ ಮೊಬೈಲ್ ಕೆಲಸ ಮಾಡುವುದು ಒಂದು ವ್ಯಾಟಿನ ಶತಕೋಟಿಯಲ್ಲೊಂದು ಪಾಲಿಗಿಂತಲೂ ಎಷ್ಟೋ ಕಡಿಮೆ ಬಲದ ಸಂಕೇತದಲ್ಲಿ. ಅಂಥ ಎಳೆಯೊಂದು ಬಾಗಿಲ ಸಂದಿಯಲ್ಲಿ ನುಸುಳಿತೆಂದರೆ ಮೈಗೆ ಹಾನಿ ಮಾಡುವಷ್ಟು ಶಕ್ತಿ ನುಸುಳುತ್ತದೆ ಎಂದಾಗುವುದಿಲ್ಲ. ಸೋರಿಕೆಯೇ ಇಲ್ಲ ಎನ್ನುವವರೂ ತಪ್ಪು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ ವರ್ಷಗಟ್ಟಲೆ ಬಿಡಿಸಲಾಗದ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. ಅವು ವೀಕ್ಷಣಾಲಯದಲ್ಲಿದ್ದ ಮೈಕ್ರೋವೇವ್‌ನಿಂದ ಬಂದವು ಎಂಬುದು 2015ರಲ್ಲಿ ಬಯಲಾಯಿತು. ಟೈಮರ್ ಮುಗಿಯುವ ಮೊದಲೇ ಯಾರೋ ಬಾಗಿಲು ಎಳೆದಾಗ, ಮ್ಯಾಗ್ನೆಟ್ರಾನ್ ಆರುವ ಆ ಗಳಿಗೆಯಲ್ಲಿ, ಒಂದು ಕಿರುಅಲೆ ಹೊರಬೀಳುತ್ತಿತ್ತು. ದೂರದ ಗೆಲಾಕ್ಸಿಗಳನ್ನು ಆಲಿಸಲು ಕಟ್ಟಿದ 64 ಮೀಟರ್ ಅಗಲದ ಬಟ್ಟಲಿಗೆ ಅದು ಕೇಳಿಸಿತು. ಊಟ ಬಿಸಿ ಮಾಡಿಕೊಂಡವರಿಗೆ ಏನೂ ಆಗಲಿಲ್ಲ. ಬಾಗಿಲಿನ ವಿಷಯದಲ್ಲಿ ನಾವು ಮಾಡಬೇಕಾದ್ದು ಸ್ವಲ್ಪವೇ: ಸೀಲಿನ ಮೇಲೆ ಜಿಡ್ಡು ಕಟ್ಟದಂತೆ ಒರೆಸುವುದು, ಕೀಲು ಸಡಿಲಾದ, ಸೊಟ್ಟಗಾದ, ಸರಿಯಾಗಿ ಮುಚ್ಚದ ಒವನ್ನನ್ನು ಬಳಸದಿರುವುದು. ಹಿಂಬದಿ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ತು ಕೂತಿರಬಹುದು.

ತಟ್ಟೆಯ ವಿಷಯ ಇಷ್ಟು ಸುಲಭವಲ್ಲ, ಅಲ್ಲಿ ಪ್ರತಿ ಸಲವೂ ನಮ್ಮ ಕೈಯಾಡಬೇಕು. ಉಳಿದ ಊಟವನ್ನು ಸುರಕ್ಷಿತವಾಗಿ ಬಿಸಿ ಮಾಡಬೇಕಾದರೆ ಎಲ್ಲ ಭಾಗವೂ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ತಣ್ಣಗುಳಿದ ಜಾಗದಲ್ಲಿ ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತವೆ. ತಿರುಗುವ ತಟ್ಟೆ ಈ ತಾರತಮ್ಯವನ್ನು ಕಡಿಮೆ ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ, ಏಕೆಂದರೆ ತಟ್ಟೆಯ ನಟ್ಟನಡುವಿನ ಜಾಗ ತಿರುಗಿದರೂ ಇದ್ದಲ್ಲೇ ಇರುತ್ತದೆ. ಪಲ್ಯವನ್ನೋ ಉಪ್ಪಿಟ್ಟನ್ನೋ ಗುಡ್ಡೆ ಹಾಕದೆ ಅಂಚಿನ ಸುತ್ತ ಬಳೆಯಂತೆ ಹರಡಿ, ನಡುವೆ ಖಾಲಿ ಬಿಡುವುದು ಅದಕ್ಕೇ. ನಡುವೆ ಒಮ್ಮೆ ನಿಲ್ಲಿಸಿ ಕದಡಬೇಕು, ಹಬೆ ಒಳಗೇ ಸುತ್ತಾಡಲು ಸಡಿಲವಾಗಿ ಮುಚ್ಚಬೇಕು, ಗಂಟೆ ಬಾರಿಸಿದ ಮೇಲೆ ಒಂದೆರಡು ನಿಮಿಷ ಹಾಗೇ ಬಿಡಬೇಕು. ಈ ಕಡೆಯ ಎರಡು ನಿಮಿಷವನ್ನು ಹೆಚ್ಚಿನವರು ಕಾಯುವುದಿಲ್ಲ. ಬಿಸಿ ಜಾಗದಿಂದ ತಣ್ಣನೆ ಜಾಗಕ್ಕೆ ಶಾಖ ಹರಿಯುವುದು ಆಗಲೇ. ಹೆಪ್ಪುಗಟ್ಟಿದ್ದನ್ನು ಕರಗಿಸುವಾಗ ತೊಂದರೆ ಇನ್ನೂ ಹೆಚ್ಚು. ಮಂಜುಗಡ್ಡೆ ಈ ಅಲೆಯನ್ನು ನೀರಿನಂತೆ ಹೀರುವುದಿಲ್ಲ. ಒಂದು ಮೂಲೆ ಮೊದಲು ಕರಗಿತೆಂದರೆ ಆ ನೀರೇ ಶಕ್ತಿಯನ್ನೆಲ್ಲ ಎಳೆದುಕೊಂಡು ಕುದಿಯತೊಡಗುತ್ತದೆ, ಪಕ್ಕದಲ್ಲಿ ಗಡ್ಡೆ ಗಡ್ಡೆಯಾಗಿಯೇ ಇರುತ್ತದೆ. ಕಡಿಮೆ ಪವರ್ ಇರುವುದು ಇಂಥ ಕಡೆಗೆ. ಹೆಚ್ಚಿನ ಒವನ್ನುಗಳಲ್ಲಿ ‘50 ಶೇಕಡ’ ಎಂದರೆ ಅಲೆ ಅರ್ಧ ಬಲಕ್ಕೆ ಇಳಿಯಿತು ಎಂದಲ್ಲ. ಪೂರ್ತಿ ಬಲದಲ್ಲಿ ಕೆಲವು ಸೆಕೆಂಡು ಉರಿದು ಅಷ್ಟೇ ಹೊತ್ತು ಆರುತ್ತದೆ, ಕಿವಿಗೊಟ್ಟರೆ ಗುಂಯ್‌ಗುಡುವ ಸದ್ದು ಬದಲಾಗುವುದು ತಿಳಿಯುತ್ತದೆ. ಆರಿದ ಆ ಹೊತ್ತಿನಲ್ಲಿ ಶಾಖ ಹರಡಿಕೊಳ್ಳುತ್ತದೆ. ನಿಮ್ಮ ಒವನ್ನಿನ ನಿಜವಾದ ಬಲ ತಿಳಿಯಬೇಕೆಂದರೆ ಒಂದು ಲೀಟರ್ ನೀರನ್ನು ಪೂರ್ತಿ ಪವರಿನಲ್ಲಿ ಎರಡು ನಿಮಿಷ ಕಾಯಿಸಿ, ಕದಡಿ, ಉಷ್ಣತೆ ಎಷ್ಟು ಡಿಗ್ರಿ ಏರಿತು ಎಂದು ಅಳೆದು 35ರಿಂದ ಗುಣಿಸಿ. 20 ಡಿಗ್ರಿ ಏರಿದ್ದರೆ ಸುಮಾರು 700 ವ್ಯಾಟ್. ಪಾಕವಿಧಾನದಲ್ಲಿ ಕೊಟ್ಟ ನಿಮಿಷಗಳು ನಿಮ್ಮಲ್ಲಿ ಏಕೆ ಸಾಲುವುದಿಲ್ಲ ಎಂಬುದಕ್ಕೆ ಹಲವು ಸಲ ಉತ್ತರ ಇಲ್ಲೇ ಸಿಗುತ್ತದೆ.

ಹಸುಗೂಸಿನ ಹಾಲಿನ ಬಾಟಲಿಯನ್ನು ಮಾತ್ರ ಇದರೊಳಗೆ ಇಡಲೇಬಾರದು. ಬಾಟಲಿ ಕೈಗೆ ಉಗುರುಬೆಚ್ಚಗಿದ್ದರೂ ಒಳಗಿನ ಹಾಲಿನ ಒಂದು ಭಾಗ ಬಾಯಿ ಸುಡುವಷ್ಟು ಕಾದಿರಬಹುದು. ಬಿಸಿ ನೀರಿನ ಬಟ್ಟಲಲ್ಲಿ ಬಾಟಲಿ ಇಳಿಬಿಡುವ ಹಳೆಯ ಪದ್ಧತಿಯೇ ಸರಿ. ದೊಡ್ಡವರಿಗೆ ಕಾದಿರುವ ಮೋಸ ಬರೀ ನೀರಿನಲ್ಲಿದೆ. ಒಲೆಯ ಮೇಲಿನ ಪಾತ್ರೆಯ ತಳ ನೀರಿಗಿಂತ ಬಿಸಿಯಾಗಿರುವುದರಿಂದ ಗುಳ್ಳೆಗಳು ಅಲ್ಲಿಂದ ಏಳುತ್ತವೆ. ಮೈಕ್ರೋವೇವ್‌ನಲ್ಲಿ ಕಾಯುವುದು ನೀರು. ನುಣುಪಾದ, ಹೊಸ ಗಾಜಿನ ಲೋಟದಲ್ಲಿ ಗುಳ್ಳೆ ಹುಟ್ಟಲು ಒರಟು ಜಾಗವೇ ಇಲ್ಲದಿದ್ದರೆ ನೀರು 100 ಡಿಗ್ರಿ ದಾಟಿದರೂ ಅಲುಗದೆ ನಿಂತಿರುತ್ತದೆ. ಅದಕ್ಕೆ ಕಾಫಿಪುಡಿ ಹಾಕಿದಿರೋ, ಚಮಚ ಅದ್ದಿದಿರೋ, ಒಮ್ಮೆಲೇ ಉಕ್ಕಿ ಕೈಮೇಲೆ ಮುಖದ ಮೇಲೆ ಎರಚುತ್ತದೆ. ಮರದ ಕಡ್ಡಿಯೊಂದನ್ನು ಮೊದಲೇ ಹಾಕಿಟ್ಟು, ಬೇಕಾದಷ್ಟೇ ಹೊತ್ತು ಕಾಯಿಸಿ, ಮುಟ್ಟುವ ಮೊದಲು ಅರ್ಧ ನಿಮಿಷ ಬಿಟ್ಟರೆ ಅಪಾಯ ಬಹುಪಾಲು ಕಳೆಯುತ್ತದೆ. ಸಿಪ್ಪೆಯುಳ್ಳ ಮೊಟ್ಟೆ ಸಿಡಿಯುವುದು ಹಬೆಗೆ ಹೊರದಾರಿಯಿಲ್ಲದೆ; ಬೇಯಿಸಿದ ಮೊಟ್ಟೆಯನ್ನು ಮತ್ತೆ ಬಿಸಿ ಮಾಡಿದರೂ ಅದೇ ಗತಿ, ಕೆಲವೊಮ್ಮೆ ಹಲ್ಲು ಊರಿದ ಮೇಲೆ.

ನಮ್ಮ ಅಡುಗೆಮನೆಗಳಿಗೆ ಈ ಯಂತ್ರ ಒಗ್ಗದಿರಲು ಇನ್ನೊಂದು ಕಾರಣ ಸ್ಟೀಲ್ ಪಾತ್ರೆ. ಲೋಹ ಇಟ್ಟೊಡನೆ ಒವನ್ ಸ್ಫೋಟಿಸುತ್ತದೆ ಎಂಬುದು ಅತಿಶಯೋಕ್ತಿ, ಗೋಡೆಗಳೇ ಲೋಹವಲ್ಲವೇ? ಆದರೆ ಸ್ಟೀಲ್ ಡಬ್ಬಿ ಅಲೆಯನ್ನು ಊಟಕ್ಕೆ ಮುಟ್ಟಗೊಡುವುದಿಲ್ಲ, ಫೋರ್ಕಿನ ಮೊನೆ, ಮಡಿಸಿದ ಫಾಯಿಲ್, ಚಿನ್ನದ ಗೆರೆಯ ಪಿಂಗಾಣಿ ಕಪ್ಪುಗಳಲ್ಲಿ ವಿದ್ಯುತ್ತು ಗುಂಪುಗೂಡಿ ಕಿಡಿ ಹಾರುತ್ತದೆ. ಮದುವೆ ಮನೆಗಳಲ್ಲಿ ಉಡುಗೊರೆಯಾಗಿ ಬರುವ ಮೆಲಮೈನ್ ತಟ್ಟೆಗಳೂ ಬೇಡ, ಅವು ತಾವೇ ಕಾಯುತ್ತವೆ. ಪ್ಲಾಸ್ಟಿಕ್ ವಿಷಯದಲ್ಲಿ ಜನರ ಅನುಮಾನಕ್ಕೆ ಆಧಾರವಿದೆ. ಬಿಸಿ ಎಣ್ಣೆ, ತುಪ್ಪ ನೀರಿಗಿಂತ ಹೆಚ್ಚು ಕಾದು ಪ್ಲಾಸ್ಟಿಕ್ಕಿನ ರಾಸಾಯನಿಕಗಳನ್ನು ಊಟಕ್ಕೆ ಇಳಿಸಬಲ್ಲವು. ‘ಮೈಕ್ರೋವೇವ್ ಸೇಫ್’ ಎಂಬ ಮುದ್ರೆ ಡಬ್ಬಿ ಕರಗದು ಎನ್ನುವುದಕ್ಕಿಂತ ಹೆಚ್ಚಿನ ಭರವಸೆ ಎಂದು ನಾನು ನಂಬಲು ಸಿದ್ಧನಿಲ್ಲ. ಗಾಜು ಇರುವಾಗ ಆ ಗೊಂದಲವೇ ಏಕೆ?

ಕಡೆಯ ಆಕ್ಷೇಪ ಪೋಷಕಾಂಶದ್ದು: ಇದರಲ್ಲಿ ಬೇಯಿಸಿದರೆ ಸತ್ವ ಹೋಗುತ್ತದಂತೆ. ಯಾವ ಬಿಸಿಯಲ್ಲೂ ಸತ್ವ ಸ್ವಲ್ಪ ಹೋಗುತ್ತದೆ. ಸಿ ವಿಟಮಿನ್ ಹೆಚ್ಚು ಕಳೆದುಹೋಗುವುದು ತುಂಬ ನೀರಿನಲ್ಲಿ ಬಹಳ ಹೊತ್ತು ಕುದಿಸಿ ಆ ನೀರನ್ನು ಚೆಲ್ಲುವಾಗ. ಹುರುಳಿಕಾಯಿಗೆ ಎರಡು ಚಮಚ ನೀರು ಚಿಮುಕಿಸಿ ಮುಚ್ಚಿ ಬೇಯಿಸುವ ಮೈಕ್ರೋವೇವ್ ಆ ಲೆಕ್ಕದಲ್ಲಿ ಮೇಲು. ಅದರ ನಿಜವಾದ ಮಿತಿ ಇರುವುದು ಬೇರೆ ಕಡೆ, ರಾತ್ರಿ ಉಳಿದ ಅನ್ನದಲ್ಲಿ. ಅಕ್ಕಿಯ ಜೊತೆ ಬರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯುವಾಗಲೂ ಬದುಕಿರುತ್ತವೆ. ಅನ್ನ ಕಟ್ಟೆಯ ಮೇಲೆ ಬೆಚ್ಚಗೆ ಬಿದ್ದಿದ್ದರೆ ಅವು ಮೊಳೆತು, ಬೆಳೆದು, ವಾಂತಿ ಬರಿಸುವ ವಿಷವನ್ನು ಕೂಡಿಡಬಲ್ಲವು. ಬೆಳಗ್ಗೆ ಅನ್ನವನ್ನು ಹಬೆಯಾಡುವಷ್ಟು ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದಾಗಲೇ ಕೂಡಿಕೊಂಡ ವಿಷ ಹಾಗೇ ಉಳಿಯುತ್ತದೆ. ಹಪ್ಪಳದಂತೆ ಇಲ್ಲಿ ಬಿಸಿ ಮುಟ್ಟದ ಜಾಗದ ಪ್ರಶ್ನೆಯೇ ಇಲ್ಲ. ಎಲ್ಲ ಅಗುಳಿಗೂ ಬಿಸಿ ಸಮನಾಗಿ ಮುಟ್ಟಿದರೂ, ಪ್ರೆಷರ್ ಕುಕ್ಕರಿನ ಶಾಖವೇ ತಾಗಿದರೂ ಆ ವಿಷ ಒಡೆಯುವುದಿಲ್ಲ. ಅದಕ್ಕಿರುವ ಉಪಾಯ ಹಿಂದಿನ ರಾತ್ರಿಯದು: ಉಳಿದ ಅನ್ನವನ್ನು ಅಗಲವಾದ ಪಾತ್ರೆಗೆ ಹರವಿ, ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸುವುದು.